ಒಂದೇ ಈಡಿನ ಹೊಣೆ

ಒಮ್ಮೆಗೆ ಒಂದೇ ತೋಟೆ ಹಿಡಿಸುವ ಬೇಟೆ ರೈಫಲ್ ಯುರೋಪ್, ಅಮೆರಿಕಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದನ್ನು ಆರಿಸುವ, ಹದಕ್ಕೆ ತರುವ ಕೆಲಸದ ಒಳಹೊರಗು ಇಲ್ಲಿದೆ.

ಬವೇರಿಯಾ, ಆಸ್ಟ್ರಿಯಾ ಕಡೆಯ ಆಲ್ಪ್ಸ್ ಬೆಟ್ಟಗಳಲ್ಲಿ ಶಾಮ್ವಾ ಎಂಬ ಪ್ರಾಣಿಯಿದೆ. ಮೇಕೆಯ ಬಳಗಕ್ಕೆ ಸೇರಿದ ಇದು ಕಡಿದಾದ ಬಂಡೆಗಳ ಮೇಲೆ ಸಲೀಸಾಗಿ ಓಡಾಡುತ್ತದೆ. ಅದರ ಬೆನ್ನು ಹತ್ತಿ ಗಂಟೆಗಟ್ಟಲೆ ಬೆಟ್ಟವೇರುವ ಬೇಟೆಗಾರರಲ್ಲಿ ಅನೇಕರ ಹೆಗಲ ಮೇಲಿರುವುದು ಎರಡೂವರೆ ಕೆ.ಜಿ. ಆಸುಪಾಸಿನ ಹಗುರ ರೈಫಲ್. ನಮ್ಮ ಮಲೆನಾಡಿನ ತೋಟೆ ಕೋವಿಯಂತೆ ಅದೂ ನಡು ಮುರಿದು ತೆರೆದುಕೊಳ್ಳುತ್ತದೆ. ಒಳಗೆ ಕೂರುವುದು ಒಂದೇ ತೋಟೆ. ಗುರಿ ತಪ್ಪಿದರೆ ಮತ್ತೆ ಮುರಿಯಬೇಕು, ಖಾಲಿ ತೋಟೆ ಎಳೆದು ಹಾಕಬೇಕು, ಜೇಬಿನಿಂದ ಇನ್ನೊಂದನ್ನು ತೆಗೆದು ತುಂಬಬೇಕು. ಅಷ್ಟು ಹೊತ್ತಿಗೆ ಪ್ರಾಣಿ ಬಂಡೆಯ ಆಚೆ ಮರೆಯಾಗಿರುತ್ತದೆ.

ನಾಲ್ಕೈದು ತೋಟೆ ಹಿಡಿಸುವ ಬೋಲ್ಟ್ ರೈಫಲ್ ಇದಕ್ಕಿಂತ ಅಗ್ಗವಾಗಿ ಸಿಗುತ್ತದೆ. ಆದರೂ ಇದನ್ನು ಹೊರುವವರಿದ್ದಾರೆ. ತೂಕ ಕಡಿಮೆ, ಉದ್ದ ಕಡಿಮೆ, ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಬಹುದು ಎಂಬ ಅನುಕೂಲಗಳ ಜೊತೆಗೆ ಇನ್ನೊಂದು ಕಾರಣವೂ ಇದೆ. ಎರಡನೇ ಗುಂಡು ಕೈಗೆಟುಕದು ಎಂದು ಗೊತ್ತಿರುವವರು ಮೊದಲನೆಯದನ್ನು ಹಗುರವಾಗಿ ಹಾರಿಸುವುದಿಲ್ಲ. ಹಾಗಾಗಿ ಇಂಥ ರೈಫಲ್ಲನ್ನು ಆರಿಸುವಾಗ, ಆರಿಸಿದ ಮೇಲೆ ಹದ ಮಾಡುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲ ಗುಂಡು ಪ್ರತಿಸಲವೂ ಅದೇ ಜಾಗಕ್ಕೆ ಹೋಗುತ್ತದೆಯೇ? ಮುಂದಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಹಳೆಯ ಕಸುಬು, ಹೊಸ ಬಾಳು

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ಬಾಯಿಂದ ಮದ್ದು ತುಂಬುವ ಕೋವಿಗಳು ಹಿಂದೆ ಸರಿದು ಹಿಂಬದಿಯಿಂದ ತೋಟೆ ತುಂಬುವ ಕೋವಿಗಳು ಬಂದವು. ಮುಖ್ಯವಾಗಿ ಬಿಡಿಸಬೇಕಿದ್ದ ತೊಡಕು, ತುಂಬಲು ತೆರೆದ ಬಾಗಿಲನ್ನು ಸ್ಫೋಟ ತಡೆಯುವಷ್ಟು ಭದ್ರವಾಗಿ ಮುಚ್ಚುವುದು. ಅಮೆರಿಕದ ಕ್ರಿಶ್ಚಿಯನ್ ಶಾರ್ಪ್ಸ್ 1848ರಲ್ಲಿ ಪೇಟೆಂಟ್ ಪಡೆದ ಉಪಾಯ ಇದಕ್ಕೊಂದು ಉತ್ತರವಾಯಿತು. ಕೆಳಗಿನ ಸನ್ನೆಯನ್ನು ಎಳೆದರೆ ಉಕ್ಕಿನ ಗಟ್ಟಿಯೊಂದು ತೋಡಿನಲ್ಲಿ ಕೆಳಕ್ಕೆ ಜಾರಿ ನಳಿಗೆಯ ಹಿಂಬಾಯಿ ತೆರೆಯುತ್ತದೆ. ಸನ್ನೆ ಮರಳಿಸಿದರೆ ಅದೇ ಗಟ್ಟಿ ಮೇಲಕ್ಕೆ ಬಂದು ಬಾಯಿ ಮುಚ್ಚುತ್ತದೆ. ಇದಕ್ಕೆ ಫಾಲಿಂಗ್ ಬ್ಲಾಕ್ ಎಂದು ಹೆಸರು. ಸ್ಕಾಟ್ಲೆಂಡಿನ ಜಾನ್ ಫರ್ಕ್ವರ್ಸನ್ 1872ರಲ್ಲಿ ಇದನ್ನು ಇನ್ನಷ್ಟು ನಯಗೊಳಿಸಿ ಪೇಟೆಂಟ್ ಪಡೆದರು. ಬ್ರಿಸ್ಟಲ್‌ನ ಜಾರ್ಜ್ ಗಿಬ್ಸ್ ಸಂಸ್ಥೆ ಆ ಮಾದರಿಯ ರೈಫಲ್ಲುಗಳನ್ನು ತಯಾರಿಸಿತು. ಬ್ರಿಟಿಷ್ ಸೇನೆ 1871ರಲ್ಲಿ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ಕೂಡ ಒಂಟಿ ತೋಟೆಯದೇ.

ಈ ರೈಫಲ್ಲುಗಳು ಎಷ್ಟು ನಿಖರ ಎಂಬುದು 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ನಡೆದ ಗುರಿ ಸ್ಪರ್ಧೆಯಲ್ಲಿ ಬಹಿರಂಗವಾಯಿತು. ಐರ್ಲೆಂಡಿನ ತಂಡ ಬಾಯಿಂದ ತುಂಬುವ ರಿಗ್ಬಿ ರೈಫಲ್ಲುಗಳನ್ನು ತಂದಿತ್ತು. ಅಮೆರಿಕದವರ ಕೈಯಲ್ಲಿದ್ದುದು ಹಿಂಬದಿಯಿಂದ ತುಂಬುವ ಶಾರ್ಪ್ಸ್ ಮತ್ತು ರೆಮಿಂಗ್ಟನ್. ದೂರ 800, 900, 1000 ಗಜ. ಅಮೆರಿಕಕ್ಕೆ 934 ಅಂಕ, ಐರ್ಲೆಂಡಿಗೆ 931. ಐರಿಷ್ ಗುರಿಕಾರರೊಬ್ಬರ ಒಂದು ಗುಂಡು ನಟ್ಟನಡುವಿಗೇ ಬಡಿದಿತ್ತು, ಆದರೆ ಪಕ್ಕದವರ ಹಲಗೆಗೆ. ಅಂಕ ಸಿಗಲಿಲ್ಲ, ಆ ಒಂದು ಗುಂಡು ಸರಿಯಾದ ಹಲಗೆಗೆ ಬಿದ್ದಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. ಇಂದು ಜನಪ್ರಿಯವಾಗಿರುವ 6.5 ಕ್ರೀಡ್‌ಮೂರ್ ತೋಟೆ 2007ರಲ್ಲಿ ಬಂದಾಗ ಹೆಸರು ಪಡೆದದ್ದು ಅದೇ ಮೈದಾನದಿಂದ.

ಮ್ಯಾಗಜಿನ್ ಇರುವ ರೈಫಲ್ಲುಗಳು ಬಂದ ಮೇಲೆ ಒಂಟಿ ತೋಟೆಯವು ಮೂಲೆ ಸೇರಿದವು. ಅವನ್ನು ಮತ್ತೆ ಪೇಟೆಗೆ ತಂದವರಲ್ಲಿ ಅಮೆರಿಕದ ವಿಲಿಯಂ ರೂಗರ್ ಪ್ರಮುಖರು. 1967ರಲ್ಲಿ ಅವರ ಕಂಪನಿ ಫರ್ಕ್ವರ್ಸನ್ ಮಾದರಿಯಿಂದ ಸ್ಫೂರ್ತಿ ಪಡೆದ 'ನಂಬರ್ 1' ಎಂಬ ರೈಫಲ್ಲನ್ನು ಹೊರತಂದಿತು. ಬೇಡಿಕೆ ಸತ್ತಿದೆ ಎಂದು ಬಹಳ ಮಂದಿ ನಂಬಿದ್ದ ಕಾಲದಲ್ಲಿ ಅದು ನೆಲೆ ನಿಂತಿತು. ಯುಟಾದ ಯುವಕ ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದು, 1883ರಲ್ಲಿ ವಿಂಚೆಸ್ಟರ್ ಕಂಪನಿಗೆ 8,000 ಡಾಲರಿಗೆ ಮಾರಿದ ವಿನ್ಯಾಸವೂ ಮರುಹುಟ್ಟು ಪಡೆಯಿತು. '1885' ಹೆಸರಿನ ಆ ರೈಫಲ್ಲನ್ನು ನಂತರ ಜಪಾನಿನ ಮಿರೋಕು ಕಾರ್ಖಾನೆ ತಯಾರಿಸಿಕೊಟ್ಟಿದೆ.

ಯಾವ ಬಗೆ ಯಾರಿಗೆ

ಈಗ ಕೊಳ್ಳಹೊರಟವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಫಾಲಿಂಗ್ ಬ್ಲಾಕ್: ರೂಗರ್ ನಂಬರ್ 1, ವಿಂಚೆಸ್ಟರ್ 1885, ಶಾರ್ಪ್ಸ್‌ನ ಮರುತಯಾರಿಕೆಗಳು. ಇನ್ನೊಂದು ನಡು ಮುರಿಯುವ ಬಗೆ: ಜರ್ಮನಿಯ ಬ್ಲೇಸರ್ ಕೆ95, ಮರ್ಕೆಲ್ ಕೆ1, ಅಮೆರಿಕದ ಥಾಂಪ್ಸನ್ ಸೆಂಟರ್ ಎನ್‌ಕೋರ್, ಸಿವಿಎ, ತಯಾರಿಕೆ ನಿಂತಿರುವ ಹ್ಯಾರಿಂಗ್ಟನ್ ರಿಚರ್ಡ್‌ಸನ್ ಇತ್ಯಾದಿ.

ಫಾಲಿಂಗ್ ಬ್ಲಾಕಿನ ದೊಡ್ಡ ಲಾಭ ಉದ್ದದಲ್ಲಿದೆ. ಬೋಲ್ಟ್ ಹಿಂದೆ ಮುಂದೆ ಓಡಾಡಲು ಬೇಕಾದ ಜಾಗ ಇಲ್ಲಿ ಬೇಡ. ಹಾಗಾಗಿ ಅದೇ ಒಟ್ಟು ಉದ್ದದಲ್ಲಿ ಸುಮಾರು 10 ಸೆಂ.ಮೀ. ಹೆಚ್ಚು ನಳಿಗೆ ಸಿಗುತ್ತದೆ. ನಳಿಗೆ ಉದ್ದವಾದಷ್ಟೂ ಮದ್ದಿನ ಒತ್ತಡ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ, ವೇಗ ಏರುತ್ತದೆ. ಬಾಗಿಲು ಬಲು ಗಟ್ಟಿ, ಆದ್ದರಿಂದ ಭಾರಿ ತೋಟೆಗಳಿಗೂ ಅಂಜಿಕೆಯಿಲ್ಲ. ತೂಕ ಮಾತ್ರ ಹೆಚ್ಚು: ಮಾದರಿಗೆ ತಕ್ಕಂತೆ ಮೂರೂಕಾಲರಿಂದ ನಾಲ್ಕು ಕೆ.ಜಿ. ತನಕ ತೂಗುತ್ತದೆ.

ನಡು ಮುರಿಯುವ ಜರ್ಮನ್ ಬಗೆಯಲ್ಲಿ ಸುರಕ್ಷತೆಯ ಏರ್ಪಾಡು ಮೆಚ್ಚುವಂಥದು. ತೋಟೆ ಒಳಗಿದ್ದರೂ ಹೊಡೆಯುವ ಸ್ಪ್ರಿಂಗ್ ಸಡಿಲವಾಗಿಯೇ ಇರುತ್ತದೆ. ಗುರಿ ಹಿಡಿದ ಮೇಲೆ ಹೆಬ್ಬೆರಳಿಂದ ಗುಂಡಿಯೊಂದನ್ನು ಮುಂದಕ್ಕೆ ತಳ್ಳಿದಾಗಲೇ ಸ್ಪ್ರಿಂಗ್ ಬಿಗಿಯುವುದು. ಬಂಡೆ ಹತ್ತುವಾಗ ಜಾರಿ ಬಿದ್ದರೂ ಈಡಾಗುವ ಭಯ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹಗುರ ರೈಫಲ್ ಹೆಚ್ಚು ಒದೆಯುತ್ತದೆ. ಒದೆತಕ್ಕೆ ಹೆದರಿದ ಮೈ ಟ್ರಿಗರ್ ಎಳೆಯುವ ಮೊದಲೇ ಮುದುಡುತ್ತದೆ, ಗುಂಡು ಎಲ್ಲಿಗೋ ಹೋಗುತ್ತದೆ. ಹಗುರವಾದದ್ದನ್ನು ಕೊಳ್ಳುವವರು ತೋಟೆಯನ್ನೂ ಮೆದುವಾದದ್ದನ್ನೇ ಆರಿಸಬೇಕು.

ಕೆಲವೆಡೆ ಕಾನೂನೇ ಆಯ್ಕೆಯನ್ನು ತೀರ್ಮಾನಿಸಿದೆ. ಅಮೆರಿಕದ ಮಿಸಿಸಿಪ್ಪಿ, ಲೂಸಿಯಾನಾ ರಾಜ್ಯಗಳಲ್ಲಿ ಹಳೇ ಬಗೆಯ ಆಯುಧಗಳಿಗೆಂದೇ ಮೀಸಲಾದ ಬೇಟೆಯ ಅವಧಿಯಿದೆ. ಹೊರಗೆ ಕಾಣುವ ಕುದುರೆ (ಹ್ಯಾಮರ್) ಇರುವ, .35 ಅಥವಾ ಅದಕ್ಕೂ ದೊಡ್ಡ ಕ್ಯಾಲಿಬರಿನ ಒಂಟಿ ತೋಟೆಯ ರೈಫಲ್ಲುಗಳಿಗೆ ಅಲ್ಲಿ ಅವಕಾಶ ಸಿಕ್ಕಿತು. ಅಗ್ಗದ ನಡು ಮುರಿಯುವ ರೈಫಲ್ಲುಗಳು .35 ವೆಲೆನ್‌ನಂಥ ತೋಟೆಗಳಿಗೆ ತಯಾರಾಗಿ ಆ ಕಡೆ ಹರಡಿದ್ದಕ್ಕೆ ಈ ನಿಯಮವೇ ನೆರವು.

ತೋಟೆಯ ಲೆಕ್ಕ

ರೈಫಲ್ಲಿಗಿಂತ ಮೊದಲು ಪ್ರಾಣಿಯನ್ನು ನೋಡಿ ತೋಟೆ ನಿರ್ಧರಿಸಬೇಕು. ಜರ್ಮನಿಯ ಬೇಟೆ ಕಾಯ್ದೆ ಇದನ್ನು ಲೆಕ್ಕದಲ್ಲಿಯೇ ಹೇಳಿದೆ. ರೋ ಎಂಬ ಸಣ್ಣ ಜಿಂಕೆಗೆ 100 ಮೀಟರ್ ದೂರದಲ್ಲಿ ಗುಂಡಿನಲ್ಲಿ ಕನಿಷ್ಠ 1,000 ಜೂಲ್ ಶಕ್ತಿ ಉಳಿದಿರಬೇಕು. ಕೆಂಪು ಜಿಂಕೆ, ಕಾಡುಹಂದಿಯಂಥ ದೊಡ್ಡವಕ್ಕೆ ಕ್ಯಾಲಿಬರ್ 6.5 ಮಿ.ಮೀ.ಗಿಂತ ಕಡಿಮೆ ಇರಕೂಡದು, 100 ಮೀಟರಿನಲ್ಲಿ 2,000 ಜೂಲ್ ಇರಬೇಕು. ಪ್ರಾಣಿ ನರಳದೆ ಬೇಗ ಸಾಯಬೇಕು ಎಂಬ ಕಾಳಜಿಗೆ ಅಂಕಿಯ ರೂಪ ಕೊಟ್ಟ ಕಾನೂನು ಇದು. ನನಗೆ ಬಹಳ ಗೌರವವಿರುವ ನಿಯಮ.

ನಡು ಮುರಿಯುವ ರೈಫಲ್ಲಿಗೆ ಬುಡದಲ್ಲಿ ಅಂಚಿರುವ ತೋಟೆ ಒಳ್ಳೆಯ ಜೋಡಿ. 6.5×57 ಆರ್, 7×57 ಆರ್, 7×65 ಆರ್ ಎಂದು ಕೊನೆಯಲ್ಲಿ 'ಆರ್' ಇರುವವೆಲ್ಲ ಈ ಬಗೆಯವು. ಅಂಚು ನಳಿಗೆಯ ಹಿಂಬಾಯಿಗೆ ತಾಗಿ ತೋಟೆ ಎಷ್ಟು ಒಳಗೆ ಕೂರಬೇಕೆಂಬುದನ್ನು ತಾನೇ ಗೊತ್ತುಮಾಡುತ್ತದೆ. ಖಾಲಿ ತೋಟೆ ಎಳೆಯುವ ಕೊಂಡಿಗೂ ಅದು ಗಟ್ಟಿ ಹಿಡಿತ. ಅಂಚಿಲ್ಲದ .308 ವಿಂಚೆಸ್ಟರ್, .30-06ರಂಥ ತೋಟೆಗಳು ಅಗ್ಗ, ಎಲ್ಲೆಡೆ ಸಿಗುತ್ತವೆ. ಫಾಲಿಂಗ್ ಬ್ಲಾಕ್ ರೈಫಲ್ಲುಗಳು ಅವನ್ನು ತಕರಾರಿಲ್ಲದೆ ನುಂಗುತ್ತವೆ.

ಒಂದು ಎಚ್ಚರಿಕೆ. ಬೋಲ್ಟ್ ರೈಫಲ್ಲಿನ ಹಿಡಿ ತಿರುಗಿಸುವಾಗ ಸಿಗುವ ತಿರುಚುಬಲ ತೋಟೆಯನ್ನು ಒತ್ತಿ ಕೂರಿಸುತ್ತದೆ, ಅಂಟಿಕೊಂಡದ್ದನ್ನು ಬಿಡಿಸುತ್ತದೆ. ಒಂಟಿ ತೋಟೆಯ ರೈಫಲ್ಲಿಗೆ ಅಷ್ಟು ಬಲವಿಲ್ಲ. ತೋಟೆ ಬೆರಳಿನ ಒತ್ತಡಕ್ಕೇ ಪೂರ್ತಿ ಒಳಗೆ ಹೋಗಬೇಕು. ಬಳಸಿದ ತೋಟೆಯ ಹಿತ್ತಾಳೆ ಕೋಶಕ್ಕೆ ಮನೆಯಲ್ಲೇ ಮದ್ದು ತುಂಬುವ ಅಮೆರಿಕದ ಬೇಟೆಗಾರರು ಹಿತ್ತಾಳೆಯ ಕುತ್ತಿಗೆಯನ್ನಷ್ಟೇ ಬಿಗಿದು ಬಿಡದೆ, ಪೂರ್ತಿ ಉದ್ದಕ್ಕೂ ಮೂಲ ಅಳತೆಗೆ ತರುತ್ತಾರೆ. ತೋಟೆ ಕೂರುವ ಕೋಣೆಯಲ್ಲಿ ಎಣ್ಣೆ, ಕಸ ಇರದಂತೆ ನೋಡಿಕೊಳ್ಳುವುದೂ ಅದೇ ಕಾರಣಕ್ಕೆ.

ಇನ್ನು ನಳಿಗೆಯೊಳಗಿನ ಸುರುಳಿ ಗೀರುಗಳು. ಗುಂಡನ್ನು ಗಿರ್ರನೆ ತಿರುಗಿಸಿ ನೇರ ಹಾರುವಂತೆ ಮಾಡುವುದು ಅವೇ. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಿರಬೇಕು. ಎಷ್ಟು ಬಿಗಿ ಎಂಬುದಕ್ಕೆ 1879ರಲ್ಲಿ ಬ್ರಿಟನ್ನಿನ ಗಣಿತಜ್ಞ ಆಲ್‌ಫ್ರೆಡ್ ಗ್ರೀನ್‌ಹಿಲ್ ಕೊಟ್ಟ ಸರಳ ಸೂತ್ರ ಈಗಲೂ ಅಂದಾಜಿಗೆ ನಡೆಯುತ್ತದೆ: ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, ಮತ್ತೆ 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲವೂ ಇಂಚಿನಲ್ಲಿ. 0.308 ಇಂಚು ವ್ಯಾಸ, 1.2 ಇಂಚು ಉದ್ದದ ಗುಂಡಿಗೆ ಉತ್ತರ ಹತ್ತಿರ ಹತ್ತಿರ 12. ಅಂದರೆ 12 ಇಂಚಿಗೆ ಒಂದು ಸುತ್ತು ಸಾಕು. ಗುಂಡಿನ ಉದ್ದ 1.4 ಇಂಚಾದರೆ 10 ಇಂಚಿಗೇ ಒಂದು ಸುತ್ತು ಬೇಕು.

ಈ ಲೆಕ್ಕ ಇಂದು ಹೆಚ್ಚು ಮುಖ್ಯವಾಗಿದೆ. ಸೀಸದ ಗುಂಡಿನ ಚೂರುಗಳು ಉಳಿದ ಮಾಂಸವನ್ನು ತಿಂದ ಕಾಂಡೋರ್ ರಣಹದ್ದುಗಳು ಸೀಸದ ವಿಷದಿಂದ ಸಾಯುತ್ತಿದ್ದುದನ್ನು ಕಂಡು ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾನೂನು ತಂದಿತು. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಬದಲಿಗೆ ಬಂದದ್ದು ತಾಮ್ರದ ಗುಂಡು. ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆ, ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದ. ಸಡಿಲ ಸುರುಳಿಯ ಹಳೇ ನಳಿಗೆ ಅದನ್ನು ನೇರ ಹಾರಿಸದೇ ಹೋಗಬಹುದು. ತಾಮ್ರ ಬಳಸುವವರು ಬಿಗಿ ಸುರುಳಿಯ ನಳಿಗೆ ಆರಿಸುವುದು, ಇಲ್ಲವೇ ತೂಕ ಕಡಿಮೆಯ ಗುಂಡಿಗೆ ಇಳಿಯುವುದು ಜಾಣತನ.

ಮರ ಮತ್ತು ಉಕ್ಕಿನ ಜಗಳ

ರೈಫಲ್ ಮನೆಗೆ ಬಂದ ಮೇಲೆ ಹದ ಮಾಡುವ ಕೆಲಸ. ಬೋಲ್ಟ್ ರೈಫಲ್ಲಿನ ಮರ ಸಾಮಾನ್ಯವಾಗಿ ಒಂದೇ ತುಂಡು. ಒಂಟಿ ತೋಟೆಯ ರೈಫಲ್ಲಿನಲ್ಲಿ ಎರಡು ತುಂಡು: ಭುಜಕ್ಕೆ ಒರಗುವುದು ಒಂದು, ನಳಿಗೆಯ ಕೆಳಗೆ ಎಡಗೈ ಹಿಡಿಯುವುದು ಇನ್ನೊಂದು. ತಾಪತ್ರಯ ಹೆಚ್ಚಾಗಿ ಹುಟ್ಟುವುದು ಈ ಮುಂದಿನ ತುಂಡಿನಿಂದ.

ಗುಂಡು ಹೊರಡುವಾಗ ನಳಿಗೆ ಕಂಪಿಸುತ್ತದೆ. ಪ್ರತಿಸಲ ಒಂದೇ ರೀತಿ ಕಂಪಿಸಿದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಮಳೆಯಲ್ಲಿ ಮರ ಉಬ್ಬಿ ನಳಿಗೆಯನ್ನು ಒತ್ತಿದರೆ, ಬಿಸಿಲಲ್ಲಿ ಒಣಗಿ ಬಿಟ್ಟರೆ ಕಂಪನದ ಬಗೆ ಬದಲಾಗುತ್ತದೆ. ರೂಗರ್ ನಂಬರ್ 1ರಲ್ಲಿ ಬಾಗಿಲಿನ ಪೆಟ್ಟಿಗೆಯಿಂದ ಮುಂದಕ್ಕೆ ಚಾಚಿದ ಉಕ್ಕಿನ ಪಟ್ಟಿಯೊಂದಿದೆ. ಮುಂದಿನ ಮರವನ್ನು ಅದಕ್ಕೆ ಸ್ಕ್ರೂನಿಂದ ಬಿಗಿದಿರುತ್ತಾರೆ, ಹೊಡೆಯುವ ಸ್ಪ್ರಿಂಗಿನ ಆಸರೆಯೂ ಅದೇ ಪಟ್ಟಿ. ಕುದುರೆ ಬಿದ್ದಾಗ ಪಟ್ಟಿ ಅದುರುತ್ತದೆ; ಅದುರುವ ಪಟ್ಟಿ, ಉಬ್ಬುವ ಮರ ಎರಡೂ ನಳಿಗೆಯನ್ನು ಮುಟ್ಟಿದರೆ ಗುಂಡುಗಳು ಹಲಗೆಯ ಮೇಲೆ ಮೇಲಿಂದ ಕೆಳಗೆ ಸಾಲಾಗಿ ಹರಡುತ್ತವೆ. ಈ ರೈಫಲ್ ಬಳಸುವವರ ನಡುವೆ ಚಿರಪರಿಚಿತವಾದ ದೂರು ಇದು.

ಪರಿಹಾರ ಕಷ್ಟದ್ದಲ್ಲ. ನಳಿಗೆ ಮತ್ತು ಮರದ ನಡುವೆ ತೆಳು ಕಾಗದದ ಪಟ್ಟಿ ತೂರಿಸಿ ಉದ್ದಕ್ಕೂ ಎಳೆದು ನೋಡಬೇಕು. ಸಿಕ್ಕಿಕೊಳ್ಳುವ ಜಾಗದಲ್ಲಿ ಮರ ತಾಗುತ್ತಿದೆ ಎಂದರ್ಥ. ಅಲ್ಲಿ ಉಜ್ಜುಕಾಗದದಿಂದ ಸ್ವಲ್ಪ ಸ್ವಲ್ಪವೇ ಸವೆಸಿ, ಸವೆಸಿದಲ್ಲಿ ಎಣ್ಣೆ ಅಥವಾ ವಾರ್ನಿಷ್ ಬಳಿದು ತೇವ ಹೀರದಂತೆ ಮಾಡಬೇಕು. ಇನ್ನು ಕೆಲವರು ಉಕ್ಕಿನ ಪಟ್ಟಿಯ ತುದಿ ಮತ್ತು ನಳಿಗೆಯ ನಡುವೆ ಗಟ್ಟಿ ಬಿಲ್ಲೆಯಿಟ್ಟು, ಇಲ್ಲವೇ ಅಲ್ಲಿ ಸಣ್ಣ ಸ್ಕ್ರೂ ಕೂರಿಸಿ ಒತ್ತಡವನ್ನು ತಾವೇ ನಿಗದಿ ಮಾಡುತ್ತಾರೆ. ನಳಿಗೆಯನ್ನು ಏನೂ ಮುಟ್ಟದಿರುವುದು ಒಂದು ಮತ, ಯಾವಾಗಲೂ ಒಂದೇ ಬಲದಲ್ಲಿ ಮುಟ್ಟಿರುವುದು ಇನ್ನೊಂದು ಮತ. ಎರಡರ ಗುರಿಯೂ ಪ್ರತಿ ಈಡಿಗೂ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು. ಅಗ್ಗದ ನಡು ಮುರಿಯುವ ರೈಫಲ್ಲುಗಳಲ್ಲಿ ಮುಂದಿನ ಮರದ ಸ್ಕ್ರೂ ಕೂರುವಲ್ಲಿ ರಬ್ಬರಿನ ಉಂಗುರವೊಂದನ್ನು ಹಾಕಿ ಇದೇ ಕೆಲಸ ಸಾಧಿಸುವವರಿದ್ದಾರೆ.

ಹೊಡೆಯುವವರ ಕೈಯೂ ಈ ಲೆಕ್ಕಕ್ಕೆ ಸೇರುತ್ತದೆ. ಮರಳು ಚೀಲದ ಮೇಲೆ ಮುಂದಿನ ಮರದ ತುದಿಯನ್ನು ಊರಿದರೆ ಗುಂಡು ಒಂದೆಡೆ, ಬಾಗಿಲಿನ ಹತ್ತಿರ ಊರಿದರೆ ಇನ್ನೊಂದೆಡೆ ಹೋಗಬಹುದು. ಬಾಗಿಲಿನ ಹತ್ತಿರದ ಜಾಗವೊಂದನ್ನು ಗೊತ್ತುಮಾಡಿಕೊಂಡು ಯಾವಾಗಲೂ ಅಲ್ಲಿಯೇ ಊರುವುದು ಉತ್ತಮ. ಗಟ್ಟಿ ಬಂಡೆ, ಕೊಂಬೆಗಳ ಮೇಲೆ ನೇರವಾಗಿ ಇಡದೆ ಟೋಪಿಯನ್ನೋ ಚೀಲವನ್ನೋ ಅಡಿಗೆ ಕೊಡಬೇಕು. ನಳಿಗೆಯನ್ನಂತೂ ಯಾವುದಕ್ಕೂ ತಾಗಿಸಬಾರದು.

ದುರ್ಬೀನು ಕೂರಿಸುವಾಗ ಅವಸರ ಬೇಡ. ರೂಗರ್ ನಂಬರ್ 1ರಲ್ಲಿ ದುರ್ಬೀನಿನ ಬಳೆಗಳು ನಳಿಗೆಯ ಮೇಲಿನ ದಿಂಡಿಗೆ ಹಿಡಿಯುವುದರಿಂದ ಅದು ಕಣ್ಣಿನಿಂದ ಮುಂದೆ ಹೋಗಿಬಿಡುತ್ತದೆ. ಹಿಂದಕ್ಕೆ ಬಾಗಿದ ಬಳೆ ಹಾಕಿದರೆ ಸರಿಯಾಗುತ್ತದೆ. ಕಣ್ಣುಮುಚ್ಚಿ ರೈಫಲ್ ಭುಜಕ್ಕೇರಿಸಿ ಕಣ್ಣು ತೆರೆದಾಗ ಇಡೀ ವೃತ್ತ ಸ್ವಚ್ಛವಾಗಿ ಕಾಣಬೇಕು. ಟ್ರಿಗರಿನ ಮಾತಿಗೆ ಬಂದರೆ, ಬೇಟೆಗೆ ಒಂದೂವರೆ ಕೆ.ಜಿ. ಆಸುಪಾಸಿನ, ಎಳೆತದಲ್ಲಿ ತಡವರಿಸದ ಟ್ರಿಗರ್ ಸಾಕು. ಅದನ್ನು ಹಗುರಗೊಳಿಸುವ ಕೆಲಸ ಮಾತ್ರ ತರಬೇತಾದ ಕೋವಿ ಕಮ್ಮಾರರದೇ. ಮನೆಯ ಅರದಿಂದ ಉಜ್ಜಿದ ಟ್ರಿಗರ್ ಯಾವಾಗ ತಾನಾಗಿ ಬಿದ್ದೀತೆಂದು ಹೇಳಲಾಗದು.

ತಣ್ಣನೆಯ ನಳಿಗೆಯ ಪರೀಕ್ಷೆ

ಅಂಗಡಿಗಳಲ್ಲಿ ರೈಫಲ್ಲಿನ ಗುಣವನ್ನು ಮೂರು ಗುಂಡು ಎಷ್ಟು ಹತ್ತಿರ ಬಿದ್ದವು ಎಂಬುದರಿಂದ ಅಳೆಯುತ್ತಾರೆ. 100 ಮೀಟರಿನಲ್ಲಿ 2.9 ಸೆಂ.ಮೀ. ಒಳಗೆ ಬಿದ್ದರೆ ಒಂದು ಕೋನ ನಿಮಿಷ, ಒಳ್ಳೆಯ ಅಂಕ. ಆದರೆ ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂ.ಮೀ. ಅಗಲ. ನಾಲ್ಕೈದು ಸೆಂ.ಮೀ. ಒಳಗೆ ಹೊಡೆಯುವ ರೈಫಲ್ಲೂ ಆ ಕೆಲಸಕ್ಕೆ ಸಾಕು. ತಿಳಿಯಬೇಕಾದ್ದು ಮೊದಲ ಗುಂಡು ಎಲ್ಲಿ ಹೋಗುತ್ತದೆ ಎಂಬುದು. ಎಣ್ಣೆ ಸವರಿಟ್ಟ ನಳಿಗೆಯ ಮೊದಲ ಗುಂಡು ಉಳಿದವುಗಳ ಗುಂಪು ಬಿಟ್ಟು ಬೇರೆಡೆ ಬೀಳುವುದುಂಟು. ಅದಕ್ಕೇ ಜರ್ಮನ್ ಬೇಟೆಗಾರರು ಹೊರಡುವ ಮುನ್ನ ನಳಿಗೆಯನ್ನು ಒಣಬಟ್ಟೆಯಿಂದ ಒರೆಸುತ್ತಾರೆ. ತೆಳು ನಳಿಗೆ ಕಾದಂತೆಲ್ಲ ಮೂರನೆಯ, ನಾಲ್ಕನೆಯ ಗುಂಡು ಸರಿದುಹೋಗುವುದೂ ಉಂಟು. ಬೇಟೆಯಲ್ಲಿ ನಾಲ್ಕನೆಯದು ಬಾರದಿರುವುದರಿಂದ ಅದರ ಚಿಂತೆ ಬೇಡ.

ಸರಿಯಾದ ಪರೀಕ್ಷೆ ಹೀಗೆ. ಒಂದೇ ಹಲಗೆ ಇಟ್ಟುಕೊಂಡು, ಬೇರೆ ಬೇರೆ ದಿನಗಳಲ್ಲಿ ತಣ್ಣನೆಯ, ಒಣ ನಳಿಗೆಯಿಂದ ಒಂದೊಂದೇ ಗುಂಡು ಹೊಡೆಯಬೇಕು. ಚಳಿಯ ಬೆಳಗು, ಬಿಸಿಲ ಮಧ್ಯಾಹ್ನ, ಮಳೆ ನಿಂತ ಸಂಜೆ ಎಲ್ಲವೂ ಬರಲಿ. ಆ ಹಲಗೆ ರೈಫಲ್ಲಿನ ನಿಜ ಸ್ವಭಾವವನ್ನು ತೋರಿಸುತ್ತದೆ. ಗುಂಪು ನಂಬಿಕೆ ಹುಟ್ಟಿಸಿದ ಮೇಲೆ ದುರ್ಬೀನಿನ ಗುರಿ ಹೊಂದಿಸುವುದು. ಗುಂಡಿನ ದಾರಿ ಗುರಿರೇಖೆಗಿಂತ ಎಲ್ಲಿಯೂ 4 ಸೆಂ.ಮೀ.ಗಿಂತ ಮೇಲೇರದಂತೆ ಹೊಂದಿಸುವುದು ಜರ್ಮನ್ ಪದ್ಧತಿ. ಹಾಗೆ ಹೊಂದಿಸಿದರೆ ಸಾಧಾರಣ ದೂರಗಳಲ್ಲಿ ಮೇಲೆ ಕೆಳಗೆ ಲೆಕ್ಕ ಹಾಕುವ ಗೋಜಿಲ್ಲ.

ಬೆಂಚಿನ ಮೇಲೆ ಕೂತು ಹೊಡೆದದ್ದು ರೈಫಲ್ಲಿನ ಪರೀಕ್ಷೆ. ಮಂಡಿಯೂರಿ, ನಿಂತು, ಊರುಗೋಲಿಗೆ ಒರಗಿ, ಏದುಸಿರು ಬಿಡುತ್ತ ಹೊಡೆಯುವುದು ಮನುಷ್ಯನ ಪರೀಕ್ಷೆ. ಈ ಎರಡನೆಯದರಲ್ಲಿ ಹತ್ತಕ್ಕೆ ಹತ್ತೂ ಆ 20 ಸೆಂ.ಮೀ. ವೃತ್ತದೊಳಗೆ ಬೀಳುವ ದೂರ ಯಾವುದೋ ಅದೇ ಆ ಬೇಟೆಗಾರನ ಗಡಿ. ತೋಟೆಯ ಪೆಟ್ಟಿಗೆಯ ಮೇಲೆ ಎಷ್ಟೇ ದೂರ ಬರೆದಿರಲಿ, ಗಡಿ 120 ಮೀಟರಾದರೆ 130ರಲ್ಲಿ ನಿಂತ ಪ್ರಾಣಿಯನ್ನು ಬಿಟ್ಟುಬಿಡಬೇಕು. ಗಾಯಗೊಂಡು ಓಡಿದ ಪ್ರಾಣಿಯ ರಕ್ತದ ಜಾಡು ಹಿಡಿಯಲೆಂದೇ ಬವೇರಿಯಾದಲ್ಲಿ ನಾಯಿಯ ತಳಿಯೊಂದನ್ನು ಬೆಳೆಸಿದ್ದಾರೆ. ಎಂಥ ನುರಿತವರ ಕೈಯಲ್ಲೂ ಗುರಿ ತಪ್ಪುತ್ತದೆ ಎಂಬ ಅರಿವು ಆ ಸಮಾಜಕ್ಕಿದೆ. ಹದ ಮಾಡುವ ಶ್ರಮವೆಲ್ಲ ಆ ನಾಯಿಗೆ ಕೆಲಸ ಬಾರದಿರಲಿ ಎಂಬುದಕ್ಕೆ.

ನಮ್ಮ ನೆಲದಲ್ಲಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿತು. ಅದು ಸರಿಯಾದ ತೀರ್ಮಾನ. ನಮ್ಮ ಕಾಡು ಪ್ರಾಣಿಗಳು ಕುಗ್ಗಿಹೋಗಿದ್ದ ರೀತಿಗೆ ಬೇರೆ ದಾರಿಯಿರಲಿಲ್ಲ. ಆದರೂ ಒಂಟಿನಳಿಗೆಯ ಪರಿಚಯ ನಮಗೆ ಹೊಸದಲ್ಲ. ತೋಟ ಕಾಯಲು ಮಲೆನಾಡಿನ ರೈತರು ಪಡೆದ ಕೋವಿ ಪರವಾನಗಿಗಳಲ್ಲಿ ಎಸ್‌ಬಿಎಂಎಲ್, ಎಸ್‌ಬಿಬಿಎಲ್ ಎಂದು ಬರೆದಿರುವುದನ್ನು ಎಷ್ಟೋ ಮಂದಿ ನೋಡಿರುತ್ತೀರಿ: ಬಾಯಿಂದ ತುಂಬುವ ಒಂಟಿನಳಿಗೆ, ಹಿಂಬದಿಯಿಂದ ತುಂಬುವ ಒಂಟಿನಳಿಗೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಪ್ರಾಣಿಯ ನೋವಿಲ್ಲದೆ ಗುರಿಯ ಕೌಶಲವನ್ನು ಉಳಿಸಿಕೊಂಡ ಆ ದಾರಿ ನನಗೆ ಹೆಮ್ಮೆಯದು.

ನರಭಕ್ಷಕಗಳ ಬೇಟೆಗಾರ, ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದುದು ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್ಲನ್ನು. ಅದರಲ್ಲಿ ಮ್ಯಾಗಜಿನ್ ಇತ್ತು. ಕೆರಳಿದ ನರಭಕ್ಷಕದ ಎದುರು ಹೋಗುವವರಿಗೆ ಎರಡನೇ ಗುಂಡು ಪ್ರಾಣ ಉಳಿಸುವ ಸಂಗತಿ. ಅದೇ .405 ತೋಟೆಗೆ ಮುಂದೆ ರೂಗರ್ ನಂಬರ್ 1 ಕೂಡ ತಯಾರಾಯಿತು. ಒಂದೇ ತೋಟೆಯ ಆಯ್ಕೆ ಎಲ್ಲ ಸಂದರ್ಭಕ್ಕೂ ಸಲ್ಲದು ಎನ್ನುವುದಕ್ಕೆ ಆಂಡರ್ಸನ್ ಅವರ ಆಯ್ಕೆ ಒಳ್ಳೆಯ ಉದಾಹರಣೆ. ತಿರುಗಿ ಬೀಳುವ ಪ್ರಾಣಿಯ ಎದುರು ಒಂಟಿ ತೋಟೆ ಸಾಲದು; ಶಾಂತವಾಗಿ ಮೇಯುವ ಜಿಂಕೆಯ ಬಳಿ, ಕಾಯಲು ಸಮಯವಿರುವವರಿಗೆ ಅದು ಸಾಕು.

ಅಮೆರಿಕದಲ್ಲೋ ಯುರೋಪಿನಲ್ಲೋ ನೆಲೆಸಿ, ಅಲ್ಲಿನ ಬೇಟೆ ಶಿಕ್ಷಣ ಮುಗಿಸಿ, ಪರವಾನಗಿ ಪಡೆದು ಇಂಥ ರೈಫಲ್ ಕೊಳ್ಳಲು ಹೊರಟ ಕನ್ನಡಿಗರಿದ್ದರೆ ನನ್ನ ಸಲಹೆ ಇಷ್ಟು. ಮೊದಲು ಪ್ರಾಣಿ, ಆಮೇಲೆ ತೋಟೆ, ಆಮೇಲೆ ರೈಫಲ್. ಮರ ನಳಿಗೆಗೆ ತಾಗುವುದನ್ನು ಮೊದಲ ವಾರವೇ ನೋಡಿಕೊಳ್ಳಿ. ರೈಫಲ್ಲಿಗೆ ಒಗ್ಗಿದ ತೋಟೆ ಸಿಕ್ಕ ಮೇಲೆ ಅದೇ ತಯಾರಿಕಾ ಕಂತಿನ ಪೆಟ್ಟಿಗೆಗಳನ್ನು ಒಟ್ಟಿಗೆ ಕೊಂಡಿಡಿ, ಕಂತು ಬದಲಾದರೆ ಗುರಿ ಮತ್ತೆ ಪರೀಕ್ಷಿಸಿ. ಇಷ್ಟಾದ ಮೇಲೂ ಹಣ ಮಿಕ್ಕಿದರೆ ಇನ್ನೊಂದು ರೈಫಲ್ಲಿಗೆ ಸುರಿಯಬೇಡಿ. ಅಭ್ಯಾಸಕ್ಕೆಂದು ಅದೇ ತೋಟೆಯ ಇನ್ನೂ ಎರಡು ಪೆಟ್ಟಿಗೆ ತನ್ನಿ.